ಭಾವನವರ ಮುಂದೂಡಿದ ತೆರಿಗೆ

ಸಾಮ್ರಾಜ್ಯಗಳು ಏಳುವುದೂ ಬೀಳುವುದೂ ತೆರಿಗೆಯಿಂದಲೇ ಎಂದು ಇತಿಹಾಸವನ್ನು ಆಳವಾಗಿ ಓದಿದವರು ಹೇಳುತ್ತಾರೆ. ಇದ್ದೀತು. ನನ್ನ ಅಕ್ಕನ ಸಂಸಾರ ಮಾತ್ರ ಶಿರವಾಡದಲ್ಲಿ ಮೂವತ್ತಮೂರು ವರ್ಷಗಳಿಂದ ನಡೆಯುತ್ತಿರುವುದು ಯಾರೂ ಇನ್ನೂ ಕೇಳಿರದ, ಯಾರೂ ಇನ್ನೂ ಕಟ್ಟಿರದ ತೆರಿಗೆಯ ಮೇಲೆ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಕಾರವಾರದ ಬಂದರಿನ ಪಕ್ಕದ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಕಂಡಿಲ್ಲ. ಹಾಗೆಯೇ ಅವರಷ್ಟು ರಾಜಾರೋಷವಾಗಿ ಆಯುಷ್ಯವಿಡೀ ಎರಡೆರಡು ಲೆಕ್ಕ ಇಟ್ಟವನನ್ನೂ ಕಂಡಿಲ್ಲ. ಗಾಬರಿಯಾಗಬೇಡಿ. ಎರಡು ಲೆಕ್ಕ ಇಡಲೇಬೇಕೆಂದು ಸರಕಾರವೇ ಹೇಳುತ್ತದೆ. ಒಂದು ಕಂಪನಿಯ ಕಾಯ್ದೆಗೆ, ಇನ್ನೊಂದು ಆದಾಯ ತೆರಿಗೆಯ ಕಾಯ್ದೆಗೆ. ಇವೆರಡರ ನಡುವಿನ ಕಂದಕಕ್ಕೆ ಹಾಕಿದ ಕಾಲುಸಂಕದ ಹೆಸರೇ ಮುಂದೂಡಿದ ತೆರಿಗೆ. ಆ ಸಂಕದ ಮೇಲೆ ಭಾವ ಎಷ್ಟು ಓಡಾಡಿದರೆಂದರೆ ಕೊನೆಗೆ ಅಲ್ಲಿಯೇ ಮನೆ ಮಾಡಿದರು.

ನಾನೂ ಕಾರವಾರದ ಕಾಲೇಜಿನಲ್ಲಿ ಇದೇ ವಿಷಯ ಕಲಿಸುವವನು. ನೌಕರಿಗೆ ಸೇರಿದ ದಿನವೇ ಭಾವ ನನ್ನನ್ನು 'ತಮಾ' ಎನ್ನುವುದು ಬಿಟ್ಟು 'ಮಾಸ್ತರೇ' ಎಂದು ಕರೆದು ಬಹುವಚನಕ್ಕೆ ಬಡ್ತಿ ಕೊಟ್ಟರು. ಬಡ್ತಿಯಲ್ಲಿ ಗೌರವ ಎಷ್ಟಿತ್ತು, ಗೇಲಿ ಎಷ್ಟಿತ್ತು ಎಂಬುದನ್ನು ನಾನು ಇವತ್ತಿನವರೆಗೂ ವಿಂಗಡಿಸಿಲ್ಲ.

"ಮಾಸ್ತರೇ, ನಮ್ಮ ಫ್ಯಾಕ್ಟರಿಯ ಕಂಪ್ರೆಸರಿಗೆ ವಯಸ್ಸೆಷ್ಟು ಹೇಳಿ ನೋಡುವ."

"ಆರು ವರ್ಷ ಇರಬಹುದು."

"ಯಾವ ಪುಸ್ತಕದಲ್ಲಿ?"

ಕಂಪನಿಯ ಪುಸ್ತಕದಲ್ಲಿ ಯಂತ್ರ ನಿಧಾನಕ್ಕೆ ಸವೆಯುತ್ತದೆ, ತೆರಿಗೆಯ ಪುಸ್ತಕದಲ್ಲಿ ಬೇಗ ಬೇಗ. ಬೇಗ ಸವೆದರೆ ಮೊದಲ ವರ್ಷಗಳಲ್ಲಿ ಲಾಭ ಕಡಿಮೆ, ತೆರಿಗೆ ಕಡಿಮೆ. ಆದರೆ ಸವೆಯುವುದನ್ನೆಲ್ಲ ಮೊದಲೇ ಸವೆದು ಮುಗಿಸಿದರೆ ಮುಂದೆ ಕಳೆಯಲು ಏನೂ ಉಳಿಯುವುದಿಲ್ಲ. ಆಗ ತೆರಿಗೆ ಏರುತ್ತದೆ. ಆದ್ದರಿಂದ ಈ ವರ್ಷ ಕಟ್ಟದೇ ಉಳಿದದ್ದನ್ನು ಉಳಿತಾಯ ಎಂದು ಹಿಗ್ಗಬಾರದು, ಮುಂದಿನ ಹೊಣೆ ಎಂದು ಇವತ್ತೇ ಬರೆದಿಡಬೇಕು. ಇಷ್ಟೇ ಶಾಸ್ತ್ರ. ನಾನು ಇದಕ್ಕೆ ಮೂರು ತಾಸು ತೆಗೆದುಕೊಳ್ಳುತ್ತಿದ್ದೆ. ಭಾವ ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದರು: "ಒಬ್ಬನೇ ಮನುಷ್ಯ, ಜಾತಕದಲ್ಲಿ ಒಂದು ವಯಸ್ಸು, ಶಾಲೆ ದಾಖಲೆಯಲ್ಲಿ ಇನ್ನೊಂದು."

ಇದು ಅವರ ಸ್ವಂತ ಅನುಭವ. ಅವರದು ಅಂಕೋಲೆ ತಾಲೂಕಿನ ಅಗಸೂರು. ಜಾತಕದ ಪ್ರಕಾರ ಹುಟ್ಟಿದ್ದು ಕಾರ್ತಿಕದಲ್ಲಿ. ಹೆಡ್ ಮಾಸ್ತರರು ಮಾತ್ರ ಆ ವರ್ಷ ಶಾಲೆಗೆ ಸೇರಿದ ಅಷ್ಟೂ ಮಕ್ಕಳನ್ನು ಒಟ್ಟಿಗೇ ಜೂನ್ ಒಂದಕ್ಕೆ ಹುಟ್ಟಿಸಿಬಿಟ್ಟಿದ್ದರು. ಹಾಗಾಗಿ ಭಾವ ತಾವು ಹುಟ್ಟುವುದಕ್ಕೆ ಹದಿನೇಳು ತಿಂಗಳು ಮೊದಲೇ ಹುಟ್ಟಿದವರು. ಸಾಮಾನ್ಯ ಜನ ಇದನ್ನು ಮರೆತು ಬದುಕುತ್ತಾರೆ. ಭಾವ ಆ ಹದಿನೇಳು ತಿಂಗಳನ್ನು ಡೈರಿಯ ಮೊದಲ ಪುಟದಲ್ಲಿ ಪ್ರತಿ ವರ್ಷ ಬರೆದು ಮುಂದಕ್ಕೆ ಒಯ್ಯುತ್ತಿದ್ದರು.

ಲೆಕ್ಕದಲ್ಲಿ ವ್ಯತ್ಯಾಸಗಳು ಎರಡು ಜಾತಿ. ಇವತ್ತಲ್ಲ ನಾಳೆ ಸರಿಹೋಗುವುದು ತಾತ್ಕಾಲಿಕ. ಎಂದೂ ಸರಿಹೋಗದ್ದು ಶಾಶ್ವತ. "ಈ ಹದಿನೇಳು ತಿಂಗಳು ಯಾವುದು ಭಾವ?" ಎಂದು ನಾನು ಒಮ್ಮೆ ಕೆಣಕಿದೆ.

"ತಾತ್ಕಾಲಿಕ," ಎಂದರು ಕಣ್ಣು ಮಿಟುಕಿಸದೆ. "ಸತ್ತ ದಿವಸ ಎರಡೂ ಪುಸ್ತಕ ಒಂದೇ ತಾರೀಕಿಗೆ ಮುಚ್ತದೆ."

ಇಂಥವರಿಗೆ ಅಕ್ಕನನ್ನು ಕೊಟ್ಟದ್ದಾದರೂ ಹೇಗೆ ಎಂದು ನೀವು ಕೇಳುವುದು ಸಹಜ. ನಾವೂ ಕೇಳಿಕೊಂಡಿದ್ದೆವು. ಹೆಣ್ಣು ನೋಡಲು ಬಂದಾಗ ಭಾವನ ಕೆಲಸ ಅಂಕೋಲೆಯ ಒಂದು ಹಂಚಿನ ಕಾರ್ಖಾನೆಯಲ್ಲಿ. ಆ ಕಾರ್ಖಾನೆ ಬಾಗಿಲು ಹಾಕಿ ಆಗಲೇ ಎಂಟು ತಿಂಗಳಾಗಿತ್ತು.

"ಹಾಗಾರೆ ಈಗ ಎಂತ ಮಾಡ್ತ್ರಿ?" ಎಂದು ಅಪ್ಪ ಕೇಳಿದರು.

"ದಿನಾ ಹೋಗ್ತೆ. ಲೆಕ್ಕ ಮುಗಿಸುದು ಬಾಕಿ ಅದೆ."

"ಮುಚ್ಚಿದ ಕಾರ್ಖಾನೆಗೆ?"

"ಕಾರ್ಖಾನೆ ಮುಚ್ಚಿದ್ರೆ ಪುಸ್ತಕ ತನ್ನಷ್ಟಕ್ಕೆ ಮುಚ್ಚುದಿಲ್ಲ ಅಲ್ದ?"

"ಸಂಬಳ?"

"ಬರಬೇಕು."

ಅಪ್ಪ ತಿಂಡಿಯ ತಟ್ಟೆಯನ್ನೇ ನೋಡುತ್ತ ಕೂತರು. ಅವರ ಅಭಿಪ್ರಾಯ ಆ ತಟ್ಟೆಗೆ ಮಾತ್ರ ಗೊತ್ತಾಗಿರಬೇಕು. ಬಂದವರು ಹೋದ ಮೇಲೆ, "ಚಲೋ ಮನುಷ್ಯ, ಆದ್ರೆ ನಷ್ಟದ ಬಾಬತ್ತು," ಎಂದು ತೀರ್ಪು ಕೊಟ್ಟರು. ಒಳಗಿನಿಂದ ಅಕ್ಕ "ನಂಗೆ ಅಡ್ಡಿಲ್ಲ" ಎಂದಳು. ಯಾಕೆ ಎಂದು ಅಪ್ಪ ಕೇಳಿದರು, ಅಮ್ಮ ಕೇಳಿದಳು, ನಾನೂ ಕೇಳಿದೆ. ಅಕ್ಕ ಕಾರಣ ಹೇಳಲಿಲ್ಲ. ಎಂಟು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಮದುವೆಯಾದ ವರ್ಷವೇ ಭಾವ ಐಸ್ ಫ್ಯಾಕ್ಟರಿ ಸೇರಿದರು. ಅಲ್ಲಿಂದ ಮುಂದೂಡಿದ ತೆರಿಗೆ ಮನೆಯೊಳಗೂ ಬಂದು ಕಾಲು ಚಾಚಿತು. ಉದಾಹರಣೆಗೆ ಬಂಗಡೆ ಮೀನು. ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಸರಕಾರದ ನಿಷೇಧ. ಕರಾವಳಿಯವರೆಲ್ಲ ಮೇ ತಿಂಗಳಲ್ಲಿ ಒಣಮೀನು ಕಟ್ಟಿಡುತ್ತಾರೆ. ಭಾವನಿಗೆ ಅಷ್ಟು ಸಾಲದು. "ಇವತ್ತು ತಿಂದ ಮೀನಿನ ಖುಷಿಯೊಳಗೇ ಜೂನಿನ ದುಃಖ ಕೂತದೆ, ಅದನ್ನ ಇವತ್ತೇ ತೆಗೆದಿಡಬೇಕು" ಎಂದು ಪ್ರತಿ ಊಟದಲ್ಲಿ ಮೂರು ಬಂಗಡೆಗೆ ಒಂದರಂತೆ ಉಪ್ಪು ಹಾಕಿಸಿ ಅಂಗಳದಲ್ಲಿ ಒಣಗಿಸುವ ಕಾನೂನು ಮಾಡಿದರು. ಮೇ ಕೊನೆಗೆ ಎಣಿಸಿದಾಗ ಇರಬೇಕಾದದ್ದು ಮೂವತ್ತೊಂದು, ಇದ್ದದ್ದು ಹತ್ತೊಂಬತ್ತು.

"ಬೆಕ್ಕು," ಎಂದಳು ಅಕ್ಕ. "ಅದನ್ನ ಯಾವ ಬಾಬತ್ತಿನಲ್ಲಿ ಬರೀತ್ರಿ?"

ಭಾವ ಗೋಡೆಯ ಮೇಲೆ ಮೈ ನೆಕ್ಕುತ್ತಿದ್ದ ಬೆಕ್ಕನ್ನು ಬಹಳ ಹೊತ್ತು ದಿಟ್ಟಿಸಿದರು.

"ಶಾಶ್ವತ ವ್ಯತ್ಯಾಸ."

ಜಗಳಕ್ಕೂ ಇದೇ ಕ್ರಮ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಹೆಂಡತಿಯ ಜೊತೆ ಜಗಳ ಆಡಲು ಪುರುಸೊತ್ತು ಇರುತ್ತಿರಲಿಲ್ಲ. ಹಾಗೆಂದು ಬಿಟ್ಟುಬಿಡುವ ಜಾಯಮಾನವೂ ಅಲ್ಲ. ಬರೆದಿಟ್ಟುಕೊಂಡು ಏಪ್ರಿಲ್ ಒಂದರ ಬೆಳಿಗ್ಗೆ ಚಹದ ಲೋಟ ಕೆಳಗಿಟ್ಟು, "ಆ ಫೆಬ್ರವರಿ ಇಪ್ಪತ್ತರ ವಿಷಯ," ಎಂದು ಶುರುಮಾಡುತ್ತಿದ್ದರು. ಅಕ್ಕನಿಗೆ ಫೆಬ್ರವರಿ ಇಪ್ಪತ್ತಿರಲಿ, ಫೆಬ್ರವರಿಯೇ ಮರೆತುಹೋಗಿರುತ್ತಿತ್ತು.

"ನಲವತ್ತು ದಿನ ಹೊಟ್ಟೆಯೊಳಗೆ ಇಟ್ಕೊಂಡಿದ್ರಲ್ಲ, ಬಡ್ಡಿ ಸೇರಿಸಿ ಬೈತ್ರೋ, ಬರೀ ಅಸಲೋ?"

"ಮುಂದೂಡಿದ್ದಕ್ಕೆ ಬಡ್ಡಿ ಇಲ್ಲ. ರಿಯಾಯಿತಿಯೂ ಇಲ್ಲ. ನಿಯಮ ಸ್ಪಷ್ಟ ಅದೆ."

"ನಂಗೆ ನೆನಪೇ ಇಲ್ಲ ಹೇಳಿದ್ರೆ?"

ಇಲ್ಲಿ ಭಾವ ಸಿಕ್ಕಿಬೀಳುತ್ತಿದ್ದರು. ಎದುರಿನವರಿಗೇ ನೆನಪಿಲ್ಲದ ಹೊಣೆಯನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಪೆನ್ಸಿಲ್ ತೆಗೆದು ಗೀಟು ಹೊಡೆದು, ತಣ್ಣಗಾದ ಚಹ ಕುಡಿಯುತ್ತಿದ್ದರು. ಅಕ್ಕ ಇದನ್ನು ಎರಡನೇ ವರ್ಷಕ್ಕೇ ಕಂಡುಕೊಂಡಳು ಎಂದು ನನ್ನ ಗುಮಾನಿ. ಆಮೇಲೆ ಅವಳಿಗೆ ಪ್ರತಿ ಮಾರ್ಚ್ ಮುಗಿಯುವ ಹೊತ್ತಿಗೆ ಮರೆವು ಹೆಚ್ಚಾಗುತ್ತಿತ್ತು.

ಒಮ್ಮೆ ನಾನು ಬುದ್ಧಿಗೆಟ್ಟು ಅವರನ್ನು ಕಾಲೇಜಿಗೆ ಉಪನ್ಯಾಸಕ್ಕೆ ಕರೆದೆ. ಬಿಳಿ ಅಂಗಿ, ಕೈಯಲ್ಲಿ ಟಿಪ್ಪಣಿ ಇಲ್ಲ, ಹಿಂದೆ ಫ್ಯಾಕ್ಟರಿಯ ಟೆಂಪೊ. ಅದರಿಂದ ಎರಡು ದೊಡ್ಡ ಬರ್ಫದ ಗಡ್ಡೆ ಇಳಿಸಿ ಸಭಾಂಗಣದ ವೇದಿಕೆಯ ಮೇಲೆ ಇಡಿಸಿದರು. ಬರ್ಫ ಎಂದರೆ ನಿಮ್ಮ ಐಸೇ. ನಮ್ಮ ಬಂದರಿನಲ್ಲಿ ಅದಕ್ಕೆ ಆ ಹೆಸರು. ಒಂದು ಗಡ್ಡೆಯನ್ನು ಮರದ ಹೊಟ್ಟು ಹಾಕಿ ಗೋಣಿಯಲ್ಲಿ ಸುತ್ತಿದರು. ಇನ್ನೊಂದನ್ನು ಫ್ಯಾನಿನ ಕೆಳಗೆ ಹಾಗೆಯೇ ಬಿಟ್ಟರು.

"ಎರಡೂ ಒಂದೇ ತೂಕ. ಗೋಣಿಯೊಳಗಿದ್ದದ್ದು ಕಂಪನಿಯ ಪುಸ್ತಕ, ಹೊರಗಿದ್ದದ್ದು ತೆರಿಗೆಯ ಪುಸ್ತಕ. ಒಂದು ತಾಸು ಬಿಟ್ಟು ತೂಕ ಮಾಡುವ. ಎಷ್ಟು ವ್ಯತ್ಯಾಸ ಬರ್ತದೆ, ಅದರ ಮೇಲಿನ ತೆರಿಗೆ ನಿಮ್ಮ ಹೊಣೆ. ಆದರೆ ಒಂದು ನೆನಪಿಡಿ, ಸಂಜೆಗೆ ಎರಡೂ ನೀರೇ."

ಹದಿನೆಂಟು ವರ್ಷ ಪಾಠ ಮಾಡಿದ ನನಗೇ ಆ ದಿನ ವಿಷಯ ಪೂರ್ತಿ ಅರ್ಥವಾಯಿತು. ಮಕ್ಕಳು ಬೆಂಚು ತಟ್ಟಿದರು. ಹೊರಗಿಟ್ಟ ಗಡ್ಡೆಯ ನೀರು ಮಾತ್ರ ವೇದಿಕೆ ಇಳಿದು, ಮೊದಲ ಸಾಲು ದಾಟಿ, ಪ್ರಾಚಾರ್ಯರ ಚಪ್ಪಲಿಯವರೆಗೆ ಹೋಗಿತ್ತು. ನೆಲ ಒರೆಸಲು ಬಂದ ಕೆಲಸದ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಯಾರ್ರೀ ಇದು ಮಾಡಿದ್ದು?" ಎಂದು ಗದರಿದಳು.

"ಆದಾಯ ತೆರಿಗೆ ಕಾಯ್ದೆ," ಎಂದು ಭಾವ ವಿನಯದಿಂದ ಹೇಳಿದರು.

ಇಲ್ಲಿಯವರೆಗಿನದು ನಗುವ ಮಾತು. ಇನ್ನು ಹೇಳುವುದನ್ನು ನಾವು ಆಗ ನಗುತ್ತ ನೋಡಲಿಲ್ಲ.

ಸುಮಾರು ಆರು ವರ್ಷದ ಕೆಳಗೆ ಫ್ಯಾಕ್ಟರಿಗೆ ಸಾಲಾಗಿ ನಷ್ಟ ಬಂತು. ಮೀನು ಕಡಿಮೆ, ಬೋಟು ಕಡಿಮೆ, ಬರ್ಫ ಕೇಳುವವರಿಲ್ಲ. ಮುಂದೂಡಿದ ತೆರಿಗೆಗೆ ಇನ್ನೊಂದು ಮುಖವಿದೆ. ಇವತ್ತಿನ ನಷ್ಟವನ್ನು ಎಂಟು ವರ್ಷದವರೆಗೆ ಮುಂದೆ ಒಯ್ದು, ಮುಂದಿನ ಲಾಭದಲ್ಲಿ ಕಳೆದು, ಆಗ ತೆರಿಗೆ ಕಡಿಮೆ ಕಟ್ಟಬಹುದು. ಅಂದರೆ ನಷ್ಟವೂ ಒಂದು ಬಗೆಯ ಆಸ್ತಿ! ಭಾವ ಅದನ್ನು ಆಸ್ತಿಯ ಕಡೆ ಒಂದು ಸಾಲಾಗಿ ಬರೆದಿದ್ದರು. ಆದರೆ ಈ ಆಸ್ತಿಗೆ ಒಂದು ಕಠಿಣ ಷರತ್ತುಂಟು. ಮುಂದೆ ಲಾಭ ಬಂದೇ ಬರುತ್ತದೆ ಎಂಬುದು ಬಹುತೇಕ ಖಚಿತವಿರಬೇಕು, ಆ ಖಚಿತಕ್ಕೆ ನಂಬುವಂಥ ಪುರಾವೆ ಬೇಕು. ಬರೀ ಆಸೆ ಸಾಲದು. ಅಂದಾಜೂ ಸಾಲದು.

ಆ ವರ್ಷ ಲೆಕ್ಕ ತಪಾಸಣೆಗೆ ಹುಬ್ಬಳ್ಳಿಯಿಂದ ಬಂದ ಆಡಿಟರ್ ಮೇಡಂ ಆ ಸಾಲಿನ ಮೇಲೆ ಹಸಿರು ಪೆನ್ಸಿಲ್ ಇಟ್ಟು ನಿಲ್ಲಿಸಿದರು. ವಯಸ್ಸು ಮೂವತ್ತರ ಆಸುಪಾಸು, ಮಾತು ಕಡಿಮೆ.

"ಲಾಭ ಬರ್ತದ ಅಂತ ಹೆಂಗ ಹೇಳ್ತೀರಿ ಸರ್?"

"ಬರ್ತದೆ ಮೇಡಂ. ಕಡಲು ಎಷ್ಟು ವರ್ಷ ಸಿಟ್ಟು ಮಾಡ್ತದೆ?"

"ಕಡಲಿನ ಕಡೆಯಿಂದ ಒಂದು ಪತ್ರ ತರಸ್ರಿ, ಫೈಲಿಗೆ ಹಾಕೋಣು. ಇಲ್ಲಾಂದ್ರ ಬೋಟಿನವರು ಮುಂದಿನ ಹಂಗಾಮಿಗೆ ಇಷ್ಟು ಐಸ್ ತಗೋತೀವಿ ಅಂತ ಸಹಿ ಮಾಡಿದ ಕರಾರು ಬೇಕು. ಇಲ್ಲಾಂದ್ರ ನಾನು ಈ ಸಾಲು ಹೊಡದ್ ಹಾಕಬೇಕಾಗ್ತದ."

ಸಾಲು ಹೊಡೆದರೆ ಏನಾಗುತ್ತದೆಂಬುದು ಭಾವನಿಗೆ ಗೊತ್ತಿತ್ತು. ಆ ಆಸ್ತಿ ಹೋದರೆ, ಸಾಲ ಕಳೆದು ಕಂಪನಿಯ ಸ್ವಂತದ್ದು ಎಂದು ಉಳಿಯುವುದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಳಿದರೆ ಬ್ಯಾಂಕು ಸಾಲದ ಮಿತಿ ನವೀಕರಿಸುವುದಿಲ್ಲ. ಆ ದುಡ್ಡಿಲ್ಲದೆ ಅಮೋನಿಯಾ ತುಂಬಿಸಲು, ಉಪ್ಪುನೀರಿನ ತೊಟ್ಟಿ ದುರಸ್ತಿ ಮಾಡಲು ಆಗುವುದಿಲ್ಲ. ನಿಷೇಧ ಮುಗಿದು ಬೋಟುಗಳು ಇಳಿಯುವ ದಿನ ಫ್ಯಾಕ್ಟರಿಯ ಬಾಗಿಲು ತೆರೆಯುವುದಿಲ್ಲ. ಒಳಗೆ ಹದಿನಾಲ್ಕು ಜನ ಕೆಲಸದವರು. ಭಾವನೇ ಹದಿನೈದನೆಯವರು. ಆಯುಷ್ಯದಲ್ಲಿ ಎರಡನೇ ಸಲ ಮುಚ್ಚಿದ ಕಾರ್ಖಾನೆಯ ಲೆಕ್ಕ ಬರೆಯುವ ಸರದಿ. ಬ್ಯಾಂಕಿನ ಗಡುವು ಜುಲೈ ಕೊನೆ.

ಭಾವ ಒಂದು ನಮೂನೆ ಟೈಪು ಮಾಡಿಸಿದರು. ಆಡಿಟರ್ ಕೇಳಿದ್ದಕ್ಕಿಂತ ಒಂದು ಕೈ ಮೇಲೆಯೇ ಇರಲಿ ಎಂದು ಅದರಲ್ಲಿ ಬೋಟಿನ ಹೆಸರು, ಬರ್ಫದ ಪ್ರಮಾಣ, ಸಹಿ ಇವುಗಳ ಜೊತೆಗೆ, ಎಲ್ಲಕ್ಕಿಂತ ಮೇಲೆ, 'ಬರುವ ಹಂಗಾಮಿನಲ್ಲಿ ಹಿಡಿಯಲಿರುವ ಮೀನಿನ ಅಂದಾಜು' ಎಂಬ ಕಾಲಂ ಸೇರಿಸಿದರು. ಮೀನು ಇದ್ದರೆ ಬರ್ಫ, ಬರ್ಫ ಇದ್ದರೆ ಲಾಭ, ಲಾಭ ಇದ್ದರೆ ಆ ಸಾಲು. ತರ್ಕದಲ್ಲಿ ಕೂದಲು ತೂರುವಷ್ಟೂ ಸಂದಿಯಿಲ್ಲ. ಜುಲೈ ಎರಡನೇ ವಾರದ ಮಳೆಯಲ್ಲಿ, ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು, ನಮೂನೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನುಗಾರರ ಊರಾದ ಮಾಜಾಳಿಗೆ ಹೊರಟರು.

ಮೊದಲು ಹೋದದ್ದು ಅಲ್ಲಿನ ಹಿರಿಯ ತಾಂಡೇಲರ ಮನೆಗೆ. ತಾಂಡೇಲ ಎಂದರೆ ಬೋಟು ನಡೆಸುವ ಯಜಮಾನ. ಅವರು ಒಪ್ಪಿದರೆ ಕೇರಿ ಒಪ್ಪಿದಂತೆ. ಚಪ್ಪರದಡಿ ಬಲೆ ಹೊಲಿಯುತ್ತ ಕೂತಿದ್ದರು. ಚಹ ಬಂತು. ಭಾವ ನಮೂನೆ ಓದಿ ಹೇಳಿದರು. ಮೀನಿನ ಕಾಲಮ್ಮಿಗೆ ಬರುತ್ತಿದ್ದಂತೆ ತಾಂಡೇಲರ ಸೂಜಿ ನಿಂತಿತು.

"ಇನ್ನೂ ಸಮುದ್ರಕ್ಕೆ ಕಾಯಿ ಕೊಡಲಿಲ್ಲ," ಎಂದರು.

"ಗೊತ್ತದೆ. ಇದು ಬರೀ ಅಂದಾಜು."

"ನಾರಳಿ ಹುಣ್ಣಿಮೆಗೆ ಕಾಯಿ ಕೊಟ್ಟು, ಕೈ ಮುಗಿದು, ಆಮೇಲೆ ಸಮುದ್ರತಾಯಿ ಕೊಟ್ಟಷ್ಟು. ಅದಕ್ಕೂ ಮೊದಲೇ ಇಷ್ಟು ಕೊಡ್ತಾಳೆ ಹೇಳಿ ನಾನು ಕಾಗದಕ್ಕೆ ಸಹಿ ಹಾಕುದಾ? ಹುಟ್ಟದ ಮಗುವಿಗೆ ಯಾರಾದ್ರೂ ತೊಟ್ಟಿಲು ಕಟ್ತಾರಾ, ಅಕೌಂಟೆಂಟರೇ?"

"ಹುಣ್ಣಿಮೆ ಬರುದು ಬ್ಯಾಂಕಿನ ಗಡುವು ಮುಗಿದ ಮೇಲೆ."

"ಹಾಗಾರೆ ಬ್ಯಾಂಕಿನವರಿಗೆ ಹೇಳಿ ಹುಣ್ಣಿಮೆ ಹಿಂದೆ ತರ್ಸಿ. ನಿಮ್ಮಲ್ಲಿ ತಾರೀಕು ಹಿಂದೆ ಮುಂದೆ ಮಾಡುದು ಇರ್ತದಲ್ಲ."

ಆ ದಿನ ಹನ್ನೊಂದು ಮನೆ, ಹನ್ನೊಂದು ಚಹ, ಸಹಿ ಒಂದೂ ಇಲ್ಲ. ಸುದ್ದಿ ನಮ್ಮ ಸ್ಕೂಟರಿಗಿಂತ ವೇಗವಾಗಿ ಓಡಿತ್ತು. ಹಿಡಿಯದ ಮೀನು ಎಣಿಸುವವರು ಬಂದಿದ್ದಾರಂತೆ! ಹನ್ನೆರಡನೆಯ ಮನೆಯಲ್ಲಿ ಯಜಮಾನಿತಿ ನಮ್ಮನ್ನು ದೂರದಿಂದ ಕಂಡು ಬಾಗಿಲು ಎಳೆದುಕೊಂಡಳು. ಮಳೆಯಲ್ಲಿ ಹೊರಗೆ ನಿಂತು ಭಾವ ಹೇಳಿದರು: "ಮಾಸ್ತರೇ, ಅವರು ಹೇಳುದು ತಪ್ಪಲ್ಲ. ಲೆಕ್ಕಶಾಸ್ತ್ರವೂ ಅದನ್ನೇ ಹೇಳ್ತದೆ. ಬರದ ಲಾಭ ಬರೀಬೇಡ ಹೇಳಿ."

ಶಿರವಾಡಕ್ಕೆ ಮರಳಿದೆವು. ಭಾವ ನಮೂನೆಗಳ ಕಟ್ಟನ್ನು ಊಟದ ಮೇಜಿನ ಮೇಲಿಟ್ಟು, ಒದ್ದೆ ಅಂಗಿಯಲ್ಲೇ ಕೂತರು. ಅವರು ಅಷ್ಟು ಮುದುಕರಾಗಿ ಕಂಡದ್ದು ನನಗೆ ಅದೇ ಮೊದಲು. ಎರಡೂ ಪುಸ್ತಕದ ವಯಸ್ಸು ಕೂಡಿಸಿದಂತೆ ಕಾಣುತ್ತಿದ್ದರು.

"ಏನಾಯ್ತು?" ಎಂದು ಅಕ್ಕ ಟವೆಲ್ ಕೊಟ್ಟಳು.

"ಪುರಾವೆ ಸಿಕ್ಕಲಿಲ್ಲ. ಮುಂದೆ ಆಗ್ತದೆ ಹೇಳಿ ಯಾರೂ ಬರೆದು ಕೊಡುದಿಲ್ಲ. ಬರೆದು ಕೊಡದಿದ್ರೆ ಯಾರೂ ನಂಬುದಿಲ್ಲ."

"ಯಾರೂ?"

"ಯಾರು ನಂಬ್ತಾರೆ? ಕೈಯಲ್ಲಿ ಇದ್ದದ್ದೆಲ್ಲ ನಷ್ಟ. ಅದನ್ನ ಆಸ್ತಿ ಹೇಳಿ ಇಟ್ಕೊಳ್ಳುವಷ್ಟು ಹುಚ್ಚು ಯಾರಿಗದೆ?"

ಅಕ್ಕ ಅವರನ್ನು ಒಂದು ಗಳಿಗೆ ನೋಡಿದಳು. ನಮೂನೆ ಎತ್ತಿಕೊಂಡು, ಕನ್ನಡಕ ಮೂಗಿಗಿಳಿಸಿ, ಅಡುಗೆಮನೆಯ ಬೆಳಕಿಗೆ ಹಿಡಿದು ಓದಿದಳು.

"ಅಲ್ಲ, ನೀವು ಮಾರುದು ಎಂತದು?"

"ಬರ್ಫ."

"ಮತ್ತೆ ಮೀನಿನ ಉಸಾಬರಿ ನಿಮಗೆ ಯಾಕೆ? ಮೀನು ಅವರದ್ದೂ ಅಲ್ಲ, ನಿಮ್ಮದ್ದೂ ಅಲ್ಲ. ಬರ್ಫ ತಕಳ್ತ್ರಾ ಹೇಳಿ ಮಾತ್ರ ಕೇಳಿ. ಬೋಟು ಇಳಿದ ಮೇಲೆ ಮೀನು ಸಿಕ್ಕಲಿ, ಬಿಡಲಿ, ಬರ್ಫ ತುಂಬಿಸ್ಕೊಂಡೇ ಹೋಗ್ತಾರಲ್ಲ."

ಭಾವ ಟವೆಲನ್ನು ತಲೆಯ ಮೇಲೆ ಹಾಗೆಯೇ ಬಿಟ್ಟು ಕೂತರು. ಮೂವತ್ತು ವರ್ಷದ ಅನುಭವ, ಒಂದು ಲೆಕ್ಕದ ಮಾನದಂಡ, ಒಬ್ಬ ವಾಣಿಜ್ಯದ ಮಾಸ್ತರ, ಇಷ್ಟೂ ಸೇರಿ ಕಾಣದೇ ಹೋದದ್ದನ್ನು ಅಕ್ಕ ಒಗ್ಗರಣೆ ಸೀಯುವುದರೊಳಗೆ ಕಂಡಿದ್ದಳು. "ಆಡಿಟರ್ ಕೂಡ ಬರ್ಫದ ಕರಾರೇ ಕೇಳಿದ್ದು," ಎಂದು ಭಾವ ಗೊಣಗಿದರು. "ಮೀನು ನಾನು ಸೇರಿಸಿದ್ದು."

"ಯಾವಾಗ್ಲೂ ಒಂದು ಜಾಸ್ತಿ ಸೇರಿಸ್ತ್ರಿ," ಎಂದು ಅಕ್ಕ ಒಲೆಯ ಕಡೆ ತಿರುಗಿದಳು.

ಹೊಸ ನಮೂನೆಯಲ್ಲಿ ಮೂರೇ ಕಾಲಂ. ಬೋಟು, ಬರ್ಫ, ಸಹಿ. ತಾಂಡೇಲರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೀನು ಎಲ್ಲೂ ಇಲ್ಲ ಅಲ್ದ?"

"ಇಲ್ಲ."

"ಹಿಂದಿನ ಪುಟದಲ್ಲಿ?"

"ಇಲ್ಲ ಮಾರಾಯ್ರೆ."

"ಕೊಡಿ ಹಾಗಾರೆ. ಸಮುದ್ರದ ಮಾತು ನನ್ನ ಕೈಯಲ್ಲಿಲ್ಲ. ನನ್ನ ಮಾತು ನನ್ನ ಕೈಯಲ್ಲಿ ಅದೆ." ಇಡೀ ಹಂಗಾಮಿಗೆ, ವಾರಕ್ಕೆ ಇಷ್ಟು ಗಡ್ಡೆ ಎಂದು ಬರೆಸಿ, ನಿಧಾನವಾಗಿ ಸಹಿ ಹಾಕಿ, "ನಿನ್ನೆ ಯಾಕೆ ಹೀಗೆ ಕೇಳಲಿಲ್ಲ? ಹನ್ನೊಂದು ಚಹ ದಂಡ," ಎಂದರು. ಮೂರು ದಿನದಲ್ಲಿ ಮಾಜಾಳಿಯಿಂದ ಹಿಡಿದು ಅಂಕೋಲೆಯ ಕಡೆಯವರೆಗೆ ಇಪ್ಪತ್ತಮೂರು ಬೋಟುಗಳ ಸಹಿಯಾಯಿತು. ಭಾವ ಅವನ್ನು ಫೈಲಿಗೆ ಹಾಕಿ, ದಾರದಿಂದ ಹೊಲಿದು, ತಾವೇ ಪುಟಕ್ಕೆ ಸಂಖ್ಯೆ ಕೊಟ್ಟು, ಮೇಲೆ ದಪ್ಪ ಅಕ್ಷರದಲ್ಲಿ 'ಪುರಾವೆ' ಎಂದು ಬರೆದರು.

ಆಡಿಟರ್ ಮೇಡಂ ಬಂದು ಒಂದೊಂದೇ ಹಾಳೆ ತಿರುವಿದರು. ಯಾವುದೋ ಒಂದಕ್ಕೆ ಬೆರಳಿಟ್ಟು ಫೋನು ಹಚ್ಚಿದರು. ಅದು ತಾಂಡೇಲರದೇ. ಅವರ ದನಿ ಫೋನಿನಾಚೆ ನಮಗೆಲ್ಲ ಕೇಳುವಷ್ಟಿತ್ತು.

"ಬರ್ಫ ತಕಳ್ತೆ ಹೇಳಿ ಬರೆದು ಕೊಟ್ಟಾಯ್ತಲ್ಲ ಬಾಯೋರೇ. ಎರಡು ಸರ್ತಿ ಹೇಳಿದ್ರೆ ದರ ಕಡಿಮೆ ಮಾಡ್ತ್ರಾ?"

ಮೇಡಂ ನಗಲಿಲ್ಲ. ಫೈಲು ಕಂಕುಳಲ್ಲಿಟ್ಟು, "ಸೋಮವಾರ ಹೇಳ್ತೀನ್ರಿ," ಎಂದು ಹುಬ್ಬಳ್ಳಿಗೆ ಹೋದರು.

ಹೋದ ವರ್ಷ ಭಾವ ನಿವೃತ್ತರಾದರು, ಶಾಲೆಯ ದಾಖಲೆಯ ಪ್ರಕಾರ. ಹೊಸಬರು ಎಲ್ಲ ಕಂಪ್ಯೂಟರಿಗೆ ಏರಿಸಿ ಹಳೆಯ ಫೈಲುಗಳನ್ನು ರದ್ದಿಗೆ ಹಾಕುತ್ತಿದ್ದರಂತೆ. ಭಾವ ಒಂದನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟರು. "ತಮಾ, ಇದು ನೀನು ಇಟ್ಕ. ಪಾಠಕ್ಕೆ ಆಗ್ತದೆ." ಎಷ್ಟೋ ವರ್ಷದ ಮೇಲೆ ಏಕವಚನ. ಪಾಠಕ್ಕೆಂದು ನಿನ್ನೆ ಬಿಚ್ಚಿ ಕೂತೆ. ಇಪ್ಪತ್ತಮೂರು ಹಾಳೆ, ಇಪ್ಪತ್ತಮೂರು ಸಹಿ, ಪ್ರತಿಯೊಂದರ ಮೂಲೆಯಲ್ಲಿ ಹಸಿರು ಪೆನ್ಸಿಲಿನ ಗುರುತು. ಮುಗಿಯಿತೆಂದು ಮುಚ್ಚಲು ಹೋದಾಗ ಇನ್ನೊಂದು ಹಾಳೆ ಕಂಡಿತು. ನಮೂನೆಯಲ್ಲ, ಲೆಕ್ಕದ ಪಟ್ಟಿಯಿಂದ ಹರಿದದ್ದು. ಅಕ್ಕನ ಅಕ್ಷರ.

'ನನ್ನ ಮದುವೆಯ ಕಾಲಕ್ಕೆ ಇವರ ಹತ್ತಿರ ಇದ್ದದ್ದು ಬರಬೇಕಾದ ಎಂಟು ತಿಂಗಳ ಸಂಬಳ ಮಾತ್ರ. ಅದು ಬರಲಿಲ್ಲ. ನಾನು ಪುರಾವೆ ಕೇಳಿರಲಿಲ್ಲ. ಮುಚ್ಚಿದ ಕಾರ್ಖಾನೆಗೆ ದಿನಾ ಹೋಗಿ ಲೆಕ್ಕ ಬರೆಯುವವರು ಎಂದು ಕೇಳಿದ್ದೆ. ನನಗೆ ಅಷ್ಟು ಸಾಕಿತ್ತು. ಇಪ್ಪತ್ತೇಳು ವರ್ಷ ಆಯಿತು. ಇವರು ಮುಂದೆ ಆಗುತ್ತದೆ ಎಂದು ಬರೆದದ್ದು ಆಗುತ್ತದೆ.'

ಕೆಳಗೆ ಸಹಿ, ಶಿರವಾಡ ಎಂದು ಊರಿನ ಹೆಸರು. ಅದನ್ನು ಅಕ್ಕ ಯಾವಾಗ ಬರೆದು ಫೈಲಿನಲ್ಲಿಟ್ಟಳೋ ಗೊತ್ತಿಲ್ಲ. ಮೇಲಿನ ಮೂಲೆಯಲ್ಲಿ ಪುಟದ ಸಂಖ್ಯೆ ಇಪ್ಪತ್ನಾಲ್ಕು. ಅದು ಭಾವನ ಕೈಬರಹ. ದಾರದ ಹೊಲಿಗೆ ಈ ಹಾಳೆಯಲ್ಲೂ ಹಾದಿದೆ. ಈ ಹಾಳೆಯ ಬಗ್ಗೆ ಅವರಿಬ್ಬರೂ ನನ್ನೆದುರು ಎಂದೂ ಮಾತಾಡಿದ್ದಿಲ್ಲ. ಕೆಳಗಿನ ಮೂಲೆಯಲ್ಲಿ, ಉಳಿದ ಇಪ್ಪತ್ತಮೂರರಲ್ಲಿ ಇದ್ದಂಥದೇ ಹಸಿರು ಗುರುತು.

ಆ ವರ್ಷದ ಲೆಕ್ಕಕ್ಕೆ ಆಡಿಟರ್ ಸೋಮವಾರ ಸಹಿ ಹಾಕಿದರು. ಸಾಲು ಹಾಗೆಯೇ ಉಳಿಯಿತು. ಬ್ಯಾಂಕು ಮಿತಿಯನ್ನು ನವೀಕರಿಸಿತು. ಬೋಟುಗಳು ಇಳಿಯುವ ಎರಡು ದಿನ ಮೊದಲು ಫ್ಯಾಕ್ಟರಿ ಶುರುವಾಯಿತು. ಮುಂದಿನ ಮೂರು ವರ್ಷಗಳ ಲಾಭದಲ್ಲಿ ಹಳೆಯ ನಷ್ಟವೆಲ್ಲ ವಜಾ ಆಗಿ ಆ ಸಾಲು ಸೊನ್ನೆಗೆ ಬಂತು.